ಅನುಭವ, ಬರಹ ಮತ್ತು ಸಹಪಾಠಿಯ ವಿಮರ್ಶೆ

ಪೀಠಿಕೆ

ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ನಾನು ಕನ್ನಡ ಅಧ್ಯಾಪಕನಾಗಿ ಸೇರಿದ್ದು ೧೯೮೦ರ ದಶಕದ ಆರಂಭದಲ್ಲಿ. ಮೊದಲ ವರ್ಷವೇ ಪ್ರಥಮ ಬಿ.ಎ. ತರಗತಿಗೆ ‘ನನ್ನ ಮೊದಲ ರೈಲು ಪ್ರಯಾಣ’ ಎಂಬ ವಿಷಯವನ್ನು ಕೊಟ್ಟು ಪ್ರಬಂಧ ಬರೆಯಿಸಿದೆ. ಅರುವತ್ತಕ್ಕೂ ಮಿಕ್ಕಿ ನೋಟುಪುಸ್ತಕಗಳು ಮೇಜಿನ ಮೇಲೆ ಬಂದು ಬಿದ್ದವು. ಓದತೊಡಗಿದರೆ ಹೆಚ್ಚುಕಡಿಮೆ ಎಲ್ಲದರಲ್ಲಿಯೂ ಅದೇ ತಂಗಾಳಿ, ಅದೇ ಹಕ್ಕಿಗಳ ಕಲರವ, ಹಿಂದಕ್ಕೋಡುವ ಅವೇ ಮರಗಳು. ಪ್ರೌಢಶಾಲೆಯ ಗೈಡಿನಲ್ಲಿ ಕಂಠಪಾಠ ಮಾಡಿದ್ದನ್ನು ಕಾಲೇಜಿಗೆ ಬಂದ ಮೇಲೂ ಮಕ್ಕಳು ಒಪ್ಪಿಸಿದ್ದರು. ಕಾಗುಣಿತದ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ಅಂಕಗಳನ್ನು ಹಾಕಿ ಹಿಂದಿರುಗಿಸಿದೆ. ಅತ್ಯಧಿಕ ಅಂಕ ಪಡೆದ ವಿದ್ಯಾರ್ಥಿಯನ್ನು ನಿಲ್ಲಿಸಿ, “ಯಾವ ಊರಿಂದ ಯಾವ ಊರಿಗೆ ಹೋಗಿದ್ದೆಯಪ್ಪಾ?” ಎಂದು ಸಹಜವಾಗಿ ಕೇಳಿದೆ. ಆತ ತಲೆ ತಗ್ಗಿಸಿ, “ನಾನು ರೈಲು ಹತ್ತಿಯೇ ಇಲ್ಲ ಸಾರ್” ಎಂದ.

ತರಗತಿ ನಕ್ಕಿತು. ನಾನೂ ನಕ್ಕೆ. ಆದರೆ ಆ ರಾತ್ರಿ ಯೋಚಿಸಿದಾಗ ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲವೆಂದು ತೋರಿತು. ಆ ಹುಡುಗ ಸುಳ್ಳು ಬರೆದಿದ್ದನೆನ್ನುವುದಕ್ಕಿಂತ, ಸುಳ್ಳು ಬರೆಯದೆ ಬೇರೆ ದಾರಿಯಿಲ್ಲದ ಪ್ರಶ್ನೆಯನ್ನು ನಾನು ಕೇಳಿದ್ದೆನೆನ್ನುವುದೇ ಸರಿ. ಮಿಗಿಲಾಗಿ, ಆ ಸುಳ್ಳಿಗೇ ನಾನು ಅತ್ಯಧಿಕ ಅಂಕವನ್ನು ಕೊಟ್ಟಿದ್ದೆ. ವಿದ್ಯಾರ್ಥಿಯು ತಾನು ಕಂಡದ್ದನ್ನು, ಮಾಡಿದ್ದನ್ನು ತನ್ನ ಮಾತಿನಲ್ಲಿ ಹೇಳಲಾರದವನಾದರೆ ನಾವು ಕಲಿಸಿದ ವ್ಯಾಕರಣ, ಛಂದಸ್ಸು, ಅಲಂಕಾರಗಳಿಂದ ಆಗುವ ಪ್ರಯೋಜನವಾದರೂ ಏನು? ಈ ಪ್ರಶ್ನೆಯಿಂದ ಹುಟ್ಟಿದ ಒಂದು ಅಭ್ಯಾಸಕ್ರಮವನ್ನು ಮುಂದೆ ನಿವೃತ್ತನಾಗುವವರೆಗೂ ನನ್ನ ತರಗತಿಗಳಲ್ಲಿ ನಡೆಸಿಕೊಂಡು ಬಂದೆ. ನನಗೆ ಅನ್ನವನ್ನೂ ಅಕ್ಷರವನ್ನೂ ಕೊಟ್ಟ ಈ ಶಾಲೆಯ ಸ್ಮರಣ ಸಂಚಿಕೆಗೆ ಅದರ ಸ್ವರೂಪವನ್ನೂ, ಅದರಲ್ಲಿ ನಾನು ಮಾಡಿದ ಒಂದು ದೊಡ್ಡ ತಪ್ಪನ್ನೂ ನಿವೇದಿಸುವುದು ಈ ಲೇಖನದ ಉದ್ದೇಶ.

ಅನುಭವವೆಲ್ಲವೂ ಶಿಕ್ಷಣವಲ್ಲ

‘ಅನುಭವದಿಂದ ಕಲಿಯಬೇಕು’ ಎಂಬ ಮಾತು ಎಲ್ಲರ ಬಾಯಲ್ಲಿಯೂ ಇದೆ. ಆದರೆ ಅನುಭವವಾದ ಮಾತ್ರಕ್ಕೆ ಕಲಿಕೆಯಾಗುವುದಿಲ್ಲ. ಇದನ್ನು ಸ್ಪಷ್ಟವಾಗಿ ವಿವೇಚಿಸಿದವರಲ್ಲಿ ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ (೧೮೫೯–೧೯೫೨) ಪ್ರಮುಖರು. ಅವರು ೧೮೯೬ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಒಂದು ಪ್ರಯೋಗಶಾಲೆಯನ್ನು ತೆರೆದು, ಅಡುಗೆ, ನೇಯ್ಗೆ, ಬಡಗಿ ಕೆಲಸಗಳ ಮೂಲಕವೇ ಮಕ್ಕಳಿಗೆ ಗಣಿತ, ವಿಜ್ಞಾನ, ಇತಿಹಾಸಗಳನ್ನು ಕಲಿಸುವ ಪ್ರಯತ್ನ ಮಾಡಿದರು. ೧೯೩೮ರಲ್ಲಿ ಪ್ರಕಟವಾದ ‘ಅನುಭವ ಮತ್ತು ಶಿಕ್ಷಣ’ ಎಂಬ ಅರ್ಥದ ಹೆಸರುಳ್ಳ ಚಿಕ್ಕ ಗ್ರಂಥದಲ್ಲಿ, ಎಲ್ಲ ಅನುಭವಗಳೂ ಸಮನಾಗಿ ಶಿಕ್ಷಣಪ್ರದವಲ್ಲ, ಕೆಲವು ಅನುಭವಗಳು ಮುಂದಿನ ಬೆಳವಣಿಗೆಯನ್ನೇ ತಡೆಯಬಲ್ಲವು ಎಂದು ಅವರು ಎಚ್ಚರಿಸಿದ್ದಾರೆ. ಒಂದು ಅನುಭವವು ಮುಂದಿನ ಅನುಭವಕ್ಕೆ ದಾರಿಯಾಗಬೇಕು; ಕಲಿಯುವವನ ಒಳಸ್ಥಿತಿಗೂ ಹೊರಗಿನ ಸನ್ನಿವೇಶಕ್ಕೂ ಹೊಂದಿಕೆಯಿರಬೇಕು. ಇವೆರಡೂ ಅವರು ಹೇಳುವ ಮುಖ್ಯ ಲಕ್ಷಣಗಳು.

ಈ ವಿಚಾರವನ್ನು ಮುಂದುವರಿಸಿದ ಡೇವಿಡ್ ಕೋಲ್ಬ್ ಎಂಬ ವಿದ್ವಾಂಸರು ೧೯೮೪ರ ತಮ್ಮ ಗ್ರಂಥದಲ್ಲಿ ಕಲಿಕೆಯನ್ನು ನಾಲ್ಕು ಹಂತಗಳ ಒಂದು ಚಕ್ರವಾಗಿ ನಿರೂಪಿಸಿದರು: ಪ್ರತ್ಯಕ್ಷವಾದ ಒಂದು ಅನುಭವ, ಅದನ್ನು ಹಿಂದಿರುಗಿ ನೋಡುವ ಅವಲೋಕನ, ಅದರಿಂದ ಒಂದು ಸಾಮಾನ್ಯ ವಿಚಾರವನ್ನು ರೂಪಿಸಿಕೊಳ್ಳುವುದು, ಆ ವಿಚಾರವನ್ನು ಮತ್ತೆ ಕಾರ್ಯದಲ್ಲಿಟ್ಟು ಪರೀಕ್ಷಿಸುವುದು. ಈ ನಾಲ್ಕರಲ್ಲಿ ನಮ್ಮ ಮಕ್ಕಳಿಗೆ ಮೊದಲನೆಯದಕ್ಕೆ ಕೊರತೆಯಿಲ್ಲ. ಹೊಲ, ಕೊಟ್ಟಿಗೆ, ಸಂತೆ, ಜಾತ್ರೆಗಳಲ್ಲಿ ಬೆಳೆದ ಹುಡುಗನ ಅನುಭವ ಅಧ್ಯಾಪಕನ ಅನುಭವಕ್ಕಿಂತ ಹಲವು ಪಾಲು ದೊಡ್ಡದು. ಅದನ್ನು ಹಿಂದಿರುಗಿ ನೋಡುವ ಅವಕಾಶವನ್ನು ನಾವು ಕೊಡಲಿಲ್ಲವೆಂಬುದೇ ಕೊರತೆ.

ನಮ್ಮ ದೇಶದಲ್ಲಿಯೂ ಈ ಚಿಂತನೆ ಹೊಸದಲ್ಲ. ೧೯೩೭ರ ಅಕ್ಟೋಬರಿನಲ್ಲಿ ವರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಕಸುಬನ್ನು ಕೇಂದ್ರವಾಗಿಟ್ಟುಕೊಂಡ, ಮಾತೃಭಾಷೆಯಲ್ಲಿ ನಡೆಯುವ ಮೂಲಶಿಕ್ಷಣದ ಯೋಜನೆಯನ್ನು ಮುಂದಿಟ್ಟರು, ಡಾ. ಜಾಕಿರ್ ಹುಸೇನರ ಅಧ್ಯಕ್ಷತೆಯ ಸಮಿತಿ ಅದಕ್ಕೆ ಪಠ್ಯಕ್ರಮವನ್ನು ರಚಿಸಿತು. ವಿಶ್ವವಿದ್ಯಾನಿಲಯಗಳ ಮಟ್ಟದಲ್ಲಿ ೧೯೬೯ರ ಸೆಪ್ಟೆಂಬರ್ ೨೪ರಂದು ರಾಷ್ಟ್ರೀಯ ಸೇವಾ ಯೋಜನೆಯು ೩೭ ವಿಶ್ವವಿದ್ಯಾನಿಲಯಗಳಲ್ಲಿ ಸುಮಾರು ೪೦,೦೦೦ ವಿದ್ಯಾರ್ಥಿಗಳೊಡನೆ ಆರಂಭವಾಯಿತು. ಅದಕ್ಕೆ ಚಾಲನೆ ನೀಡಿದ ಅಂದಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್ ಅವರು ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದವರೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅನುಭವಾಧಾರಿತ ಕಲಿಕೆಗೆ ಒತ್ತು ಕೊಟ್ಟಿದೆ. ಇನ್ನು ಹನ್ನೆರಡನೆಯ ಶತಮಾನದ ಶರಣರು ತಂತಮ್ಮ ಕಾಯಕದ ಅನುಭವವನ್ನು ಒಬ್ಬರೆದುರು ಒಬ್ಬರು ಇಟ್ಟು ಒರೆಗೆ ಹಚ್ಚಿದ ವಿಚಾರವನ್ನು ಈ ಸಂಚಿಕೆಯ ಓದುಗರಿಗೆ ನಾನು ವಿಸ್ತರಿಸಿ ಹೇಳಬೇಕಾದುದಿಲ್ಲ.

ಹೊಸ ಅನುಭವದ ಆಯ್ಕೆ

ನನ್ನ ಅಭ್ಯಾಸಕ್ರಮದ ಮೊದಲ ಭಾಗ ಬಹು ಸರಳ. ಪ್ರತಿಯೊಬ್ಬ ವಿದ್ಯಾರ್ಥಿಯೂ ಹದಿನೈದು ದಿನಗಳೊಳಗೆ ತಾನು ಹಿಂದೆಂದೂ ಮಾಡದ ಒಂದು ನಿತ್ಯದ ಕೆಲಸವನ್ನು ಮಾಡಿ, ಅದನ್ನು ಎರಡು ಪುಟಗಳಿಗೆ ಮೀರದಂತೆ ಬರೆದು ತರಬೇಕು. ಅದಕ್ಕೆ ನಾಲ್ಕು ಕಟ್ಟುಪಾಡುಗಳು: ಹಣ ಖರ್ಚಾಗಬಾರದು, ಮೈಗೂ ಮಾನಕ್ಕೂ ಅಪಾಯವಿರಬಾರದು, ಒಂದು ದಿನದೊಳಗೆ ಮುಗಿಯುವಂತಿರಬೇಕು, ಸುಮ್ಮನೆ ನೋಡಿ ಬರುವುದಾಗಿರದೆ ತಾನೇ ಕೈಹಾಕಿ ಮಾಡುವುದಾಗಿರಬೇಕು.

‘ಹೊಸತು’ ಎಂದೊಡನೆ ಮಕ್ಕಳು ಬೆಟ್ಟ ಹತ್ತುವುದು, ಜಲಪಾತ ನೋಡುವುದು ಎಂದೇ ತಿಳಿಯುತ್ತಿದ್ದರು. ಹೊಸತು ದೂರದಲ್ಲಿಯೇ ಇರಬೇಕಾಗಿಲ್ಲವೆಂದು ಮನವರಿಕೆ ಮಾಡಿಕೊಡುವುದೇ ಮೊದಲ ಪಾಠವಾಯಿತು. ಹತ್ತೊಂಬತ್ತು ವರ್ಷ ದಿನಕ್ಕೆರಡು ಹೊತ್ತು ಮುದ್ದೆ ಉಂಡ ಒಬ್ಬ ಹುಡುಗ ಒಮ್ಮೆಯೂ ಹಿಟ್ಟಿನ ಕೋಲನ್ನು ಹಿಡಿದಿರಲಿಲ್ಲ. ಆತ ರಜೆಯಲ್ಲಿ ಊರಿಗೆ ಹೋಗಿ ತಾಯಿಯನ್ನು ಪಕ್ಕಕ್ಕೆ ಕೂರಿಸಿ ತಾನೇ ಒಲೆಯ ಮುಂದೆ ಕುಳಿತ. ಎಸರು ಕುದಿದು ಹಿಟ್ಟು ಸುರಿದ ಕೂಡಲೇ ತೊಳಸಬಾರದು, ಹಿಟ್ಟು ಬೇಯುವವರೆಗೆ ಕಾಯಬೇಕು, ಆಮೇಲೆ ಪಾತ್ರೆಯನ್ನು ಕಾಲಿನಿಂದ ಒತ್ತಿ ಹಿಡಿದು ಬಲ ಬಿಟ್ಟು ತೊಳಸಬೇಕು, ಇಲ್ಲದಿದ್ದರೆ ಗಂಟು ನಿಲ್ಲುತ್ತದೆ ಎಂಬುದೆಲ್ಲ ಆತನಿಗೆ ತಿಳಿದದ್ದು ಮೊದಲ ಮುದ್ದೆ ಗಂಟುಗಂಟಾದ ಮೇಲೆ. ಆತನ ಬರಹದ ಕೊನೆಯಲ್ಲಿ ತಾಯಿಯ ಮುಂಗೈ ಮೇಲಿನ ಹಳೆಯ ಸುಟ್ಟ ಕಲೆಗಳ ಮಾತು ಬರುತ್ತದೆ. ದಿನವೂ ಆ ಕೈಯಿಂದಲೇ ಉಂಡವನು ಅವನ್ನು ಕಂಡದ್ದು ಅಂದೇ ಮೊದಲು.

ಇನ್ನೊಬ್ಬ ವಿದ್ಯಾರ್ಥಿನಿ ಆದಾಯ ಪ್ರಮಾಣಪತ್ರಕ್ಕಾಗಿ ಅಣ್ಣನನ್ನಾಗಲಿ ತಂದೆಯನ್ನಾಗಲಿ ಕರೆದೊಯ್ಯದೆ, ಗೆಳತಿಯೊಬ್ಬಳ ಜೊತೆ ಕಚೇರಿಗೆ ಹೋಗಿ ತಾನೇ ಅರ್ಜಿ ಬರೆದು ಕೊಟ್ಟಳು. ಪೇಟೆಯಲ್ಲಿ ಬೆಳೆದ ಒಬ್ಬಳು ಗೆಳತಿಯ ಊರಿಗೆ ಹೋಗಿ ಅರ್ಧ ದಿನ ಕಳೆ ಕಿತ್ತಳು; ಪೈರು ಯಾವುದು ಕಳೆ ಯಾವುದು ಎಂದು ತಿಳಿಯದೆ ಒಂದು ಸಾಲು ಪೈರನ್ನೇ ಕಿತ್ತದ್ದನ್ನು ಮುಚ್ಚಿಡದೆ ಬರೆದಳು. ಒಬ್ಬ ಹುಡುಗ ವಿದ್ಯಾರ್ಥಿನಿಲಯದ ಅಡುಗೆಯವರೊಡನೆ ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ತರಕಾರಿ ಹೆಚ್ಚಿದ. ಇನ್ನೊಬ್ಬ ಅಂಚೆ ಕಚೇರಿಯ ಕಟ್ಟೆಯ ಮೇಲೆ ಕುಳಿತು, ಅಕ್ಷರ ಬಾರದವರಿಗೆ ಮನಿಯಾರ್ಡರ್ ಫಾರಂ ತುಂಬಿಕೊಟ್ಟ. ದೂರದಲ್ಲಿ ದುಡಿಯುವ ಮಗ ಕಳುಹಿಸಿದ ಹಣಕ್ಕೆ ಹೆಬ್ಬೆಟ್ಟು ಒತ್ತುವ ಮುದುಕಿಗೆ, ಫಾರಂ ಕೆಳಗಿನ ಚೀಟಿಯಲ್ಲಿ ಮಗ ಬರೆದಿದ್ದ ಎರಡು ಸಾಲನ್ನು ಓದಿ ಹೇಳುವ ಕೆಲಸವೂ ಆತನ ಪಾಲಿಗೆ ಬಂತು.

ಬರೆಯುವ ಕ್ರಮ

ಕೆಲಸ ಮಾಡಿದ ದಿನವೇ, ಮಲಗುವ ಮುನ್ನ, ಕ್ರಮವಿಲ್ಲದಿದ್ದರೂ ಚಿಂತೆಯಿಲ್ಲವೆಂದು ಕೆಲವು ಟಿಪ್ಪಣಿಗಳನ್ನು ಬರೆದಿಡಬೇಕೆಂಬುದು ನಮ್ಮ ನಿಯಮವಾಗಿತ್ತು. ಮರುದಿನಕ್ಕೆ ಬಿಟ್ಟರೆ ಕಂಡದ್ದು ಮರೆತು ಓದಿದ್ದು ನೆನಪಿಗೆ ಬರುತ್ತದೆ. ತಂಗಾಳಿಯೂ ಕಲರವವೂ ಹಾಗೆಯೇ ಒಳಸೇರುತ್ತವೆ. ಟಿಪ್ಪಣಿಗೆ ನಾಲ್ಕು ಪ್ರಶ್ನೆಗಳನ್ನು ಕೊಟ್ಟಿದ್ದೆ. ಹೋಗುವ ಮುಂಚೆ ನಾನು ಏನೆಂದು ಭಾವಿಸಿದ್ದೆ? ನಿಜವಾಗಿ ಏನಾಯಿತು? ಎಲ್ಲಿ ತಪ್ಪಿದೆ, ಯಾರು ತಿದ್ದಿದರು? ಮತ್ತೊಮ್ಮೆ ಮಾಡಿದರೆ ಏನನ್ನು ಬೇರೆಯಾಗಿ ಮಾಡುತ್ತೇನೆ? ಮೇಲೆ ಹೇಳಿದ ನಾಲ್ಕು ಹಂತಗಳೇ ಇಲ್ಲಿ ಸಾದಾ ಮಾತಿನಲ್ಲಿ ಬಂದಿರುವುದನ್ನು ಅಧ್ಯಾಪಕ ಮಿತ್ರರು ಗಮನಿಸಬಹುದು.

ಈ ಟಿಪ್ಪಣಿಗಳಿಂದ ಬರಹವನ್ನು ಕಟ್ಟುವಾಗ ನಾನು ಹೇಳುತ್ತಿದ್ದ ಮಾತು ಒಂದೇ: ‘ಸಂತೋಷವಾಯಿತು’, ‘ದುಃಖವಾಯಿತು’ ಎಂದು ಬರೆಯುವ ಮೊದಲು ಏನು ನಡೆಯಿತೆಂಬುದನ್ನು ಬರೆಯಿರಿ, ಅದು ಸರಿಯಾಗಿ ಬಂದರೆ ಸಂತೋಷ ದುಃಖಗಳನ್ನು ಓದುವವನೇ ತಿಳಿದುಕೊಳ್ಳುತ್ತಾನೆ.

ಸಹಪಾಠಿಯ ವಿಮರ್ಶೆ: ಒಂದು ಹಿನ್ನೋಟ

ಬರಹಗಳೆಲ್ಲವನ್ನೂ ನಾನೊಬ್ಬನೇ ತಿದ್ದುವುದು ಅಸಾಧ್ಯವಾಯಿತು. ಆಗ ಒಬ್ಬರ ಬರಹವನ್ನು ಮತ್ತೊಬ್ಬರು ಓದಿ ಅಭಿಪ್ರಾಯ ಬರೆಯಲೆಂದು ಏರ್ಪಡಿಸಿದೆ. ಇದಕ್ಕೂ ನಮ್ಮಲ್ಲಿ ಪರಂಪರೆಯುಂಟು. ಸ್ಕಾಟ್ಲೆಂಡಿನ ಆಂಡ್ರೂ ಬೆಲ್ ಎಂಬ ಪಾದ್ರಿ ೧೭೮೯ರಿಂದ ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಬಾಲಕರ ಶಾಲೆಯನ್ನು ನೋಡಿಕೊಳ್ಳುತ್ತಿದ್ದಾಗ, ನಾಡಶಾಲೆಯ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡು ಆ ಕ್ರಮವನ್ನು ತಮ್ಮ ಶಾಲೆಗೆ ತಂದರು. ಮುಂದುವರಿದ ಮಕ್ಕಳಿಂದಲೇ ಉಳಿದ ಮಕ್ಕಳಿಗೆ ಪಾಠ ಹೇಳಿಸಿದರು. ೧೭೯೭ರಲ್ಲಿ ಅವರು ಲಂಡನ್ನಿನಲ್ಲಿ ಪ್ರಕಟಿಸಿದ ವರದಿಯಿಂದ ಈ ಪದ್ಧತಿ ‘ಮದರಾಸು ಪದ್ಧತಿ’ ಎಂದು ಇಂಗ್ಲೆಂಡಿನಲ್ಲಿ ಹೆಸರಾಯಿತು. ನಮ್ಮ ಕೂಲಿಮಠಗಳಲ್ಲಿಯೂ ಹಿರಿಯ ಹುಡುಗ ಕಿರಿಯನ ಕೈ ಹಿಡಿದು ತಿದ್ದಿಸುತ್ತಿದ್ದುದನ್ನು ಹಳಬರು ಬಲ್ಲರು.

ಸಾಹಿತ್ಯದಲ್ಲಿಯೂ ಹೀಗೆಯೇ. ೧೯೧೯ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘವು ಎ.ಆರ್. ಕೃಷ್ಣಶಾಸ್ತ್ರಿಗಳ ಸಂಪಾದಕತ್ವದಲ್ಲಿ ‘ಪ್ರಬುದ್ಧ ಕರ್ಣಾಟಕ’ವನ್ನು ಹೊರಡಿಸಿತು. ಒಂದು ಕಾಲೇಜಿನ ಸಂಘದಲ್ಲಿ ಹುಟ್ಟಿದ ಈ ಪತ್ರಿಕೆ ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆಯಾಗಿ ಬೆಳೆಯಿತು. ಧಾರವಾಡದಲ್ಲಿ ದ.ರಾ. ಬೇಂದ್ರೆಯವರ ಸುತ್ತ ಕೂಡಿದ ‘ಗೆಳೆಯರ ಗುಂಪು’ ೧೯೨೦ರ ದಶಕದಿಂದ ಹಲವು ಸಾಹಿತಿಗಳನ್ನು ಬೆಳೆಸಿತು. ಶಂ.ಬಾ. ಜೋಶಿ, ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿ, ಬೆಟಗೇರಿ ಕೃಷ್ಣಶರ್ಮರಂಥವರು ಅಲ್ಲಿ ಒಬ್ಬರಿಗೊಬ್ಬರು ಓದುಗರೂ ವಿಮರ್ಶಕರೂ ಆಗಿದ್ದರು. ಕಾಲೇಜುಗಳ ಕೈಬರಹ ಪತ್ರಿಕೆಗಳೂ ಭಿತ್ತಿಪತ್ರಿಕೆಗಳೂ ಇದೇ ಹಾದಿಯವು.

ನನ್ನ ತಪ್ಪು

ಪರಂಪರೆ ದೊಡ್ಡದಿದ್ದರೂ ನನ್ನ ಮೊದಲ ಪ್ರಯತ್ನ ಕೆಟ್ಟಿತು. ವಿಮರ್ಶೆ ಮಾಡುವುದು ಹೇಗೆಂದು ಕಲಿಸದೆ, ಪುಸ್ತಕಗಳನ್ನು ಅದಲುಬದಲು ಮಾಡಿಸಿ, ‘ಅಭಿಪ್ರಾಯ ಬರೆಯಿರಿ’ ಎಂದಷ್ಟೇ ಹೇಳಿದೆ. ಮುಕ್ಕಾಲು ಪಾಲು ಮಕ್ಕಳು ‘ತುಂಬಾ ಚೆನ್ನಾಗಿದೆ’ ಎಂದು ಬರೆದು ಕೈತೊಳೆದುಕೊಂಡರು. ಉಳಿದವರು ಅಧ್ಯಾಪಕರ ಕೆಂಪು ಶಾಯಿಯನ್ನು ಅನುಕರಿಸಿದರು.

ಆ ತರಗತಿಯಲ್ಲಿ ಊರಿನಿಂದ ಎಂಟು ಮೈಲಿ ದೂರದ ಹಳ್ಳಿಯ ಒಬ್ಬ ಹುಡುಗನಿದ್ದ. ಆತ ಬರೆದದ್ದು ಪಟ್ಟಣದ ಸಾರ್ವಜನಿಕ ಗ್ರಂಥಾಲಯದೊಳಗೆ ಮೊದಲ ಬಾರಿಗೆ ಕಾಲಿಟ್ಟ ಬಗ್ಗೆ. ಒಳಗೆ ಹೋಗಲು ಹಣ ಕೊಡಬೇಕೇನೋ, ಯಾರಾದರೂ ಕೇಳಿದರೆ ಏನು ಹೇಳುವುದೋ ಎಂದು ಎರಡು ದಿನ ಬಾಗಿಲ ಹೊರಗೆ ನಿಂತು ಹಿಂದಿರುಗಿದ್ದ. ಮೂರನೆಯ ದಿನ ಒಬ್ಬ ಮುದುಕರು ಸಲೀಸಾಗಿ ಒಳಹೋಗುವುದನ್ನು ಕಂಡು ಅವರ ಹಿಂದೆಯೇ ಹೋದ. ಚಪ್ಪಲಿಯ ಉಂಗುಷ್ಠ ಕಿತ್ತು ಪಿನ್ನು ಹಾಕಿಕೊಂಡಿದ್ದರಿಂದ, ಇತರರ ಪಾದರಕ್ಷೆಗಳ ಸಾಲಿನಲ್ಲಿ ಬಿಡಲು ನಾಚಿ ಗಿಡದ ಮರೆಯಲ್ಲಿ ಬಿಟ್ಟ. ಒಳಗೆ ಪತ್ರಿಕೆ ಓದಿ ಬಂದ. ಯಾರೂ ಏನೂ ಕೇಳಲಿಲ್ಲ. ಇಷ್ಟೇ ವಿಷಯ. ೧೯೬೫ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ಫಲವಾಗಿ, ಜನರ ತೆರಿಗೆಯ ಜೊತೆ ಸಂಗ್ರಹವಾಗುವ ಕರದಿಂದಲೇ ಆ ಗ್ರಂಥಾಲಯಗಳು ನಡೆಯುತ್ತವೆಂಬುದು, ಅಂದರೆ ಆ ಬಾಗಿಲು ತನ್ನದೂ ಹೌದೆಂಬುದು ಆತನಿಗೆ ಯಾರೂ ಹೇಳಿರಲಿಲ್ಲ. ಕನ್ನಡದ ಅಧ್ಯಾಪಕನಾದ ನಾನೂ ಹೇಳಿರಲಿಲ್ಲ.

ಆ ಪುಸ್ತಕ ಪಟ್ಟಣದ ಒಬ್ಬ ಸ್ಥಿತಿವಂತರ ಮಗನ ಕೈಗೆ ಹೋಯಿತು. ಆತ ಜಾಣ; ಕೆಡುಕನಲ್ಲ. ಆದರೆ ಚಿಕ್ಕಂದಿನಿಂದ ತಂದೆಯ ಕೈಹಿಡಿದು ಆ ಗ್ರಂಥಾಲಯಕ್ಕೆ ಹೋಗಿಬಂದವನು. ಆತ ಹನ್ನೊಂದು ಕಾಗುಣಿತದ ತಪ್ಪುಗಳನ್ನು ಗುರುತಿಸಿ, ಕೆಳಗೆ ‘ಇದರಲ್ಲಿ ಹೊಸದೇನಿದೆ?’ ಎಂದು ಬರೆದ. ಅಷ್ಟಕ್ಕೇ ನಿಲ್ಲದೆ, ಅಭಿಪ್ರಾಯಗಳನ್ನು ಗಟ್ಟಿಯಾಗಿ ಓದಿರೆಂದು ನಾನೇ ಹೇಳಿದ್ದರಿಂದ, ಚಪ್ಪಲಿಯ ವಾಕ್ಯವನ್ನೂ ತನ್ನ ಷರಾವನ್ನೂ ಓದಿದ. ತರಗತಿ ನಕ್ಕಿತು. ಗಂಟೆ ಬಾರಿಸಿತು. ನಾನು ಏನೂ ಹೇಳದೆ ಹಾಜರಿ ಪುಸ್ತಕ ತೆಗೆದುಕೊಂಡು ಹೊರಟೆ.

ಆ ಹುಡುಗ ಎರಡು ವಾರ ತರಗತಿಗೆ ಬರಲಿಲ್ಲ. ವಿಚಾರಿಸಿಕೊಂಡು ಆತ ಉಳಿದುಕೊಂಡಿದ್ದ ಕೊಠಡಿಗೆ ಹೋದೆ. ಎದ್ದು ನಿಂತು, ಇದ್ದ ಒಂದು ಚಾಪೆ ಹಾಸಿದ. ಪುಸ್ತಕ ತೋರಿಸು ಎಂದಾಗ ತಂದು ಕೊಟ್ಟ. ಆ ಎರಡು ಪುಟಗಳನ್ನು ಹರಿದು ಹಾಕಿದ್ದ. “ಬರೆದದ್ದರಲ್ಲಿ ತಪ್ಪೇನಿರಲಿಲ್ಲವಲ್ಲಪ್ಪಾ” ಎಂದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೊಸದೇನಿದೆ ಅಂತ ಕೇಳಿದವರು ಆ ಬಾಗಿಲ ಹೊರಗೆ ಎರಡು ದಿನ ನಿಂತಿಲ್ಲ ಸಾರ್” ಎಂದ.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಒಬ್ಬನಿಗೆ ನಿತ್ಯವಾದುದು ಇನ್ನೊಬ್ಬನಿಗೆ ನೂತನ; ಒಬ್ಬನಿಗೆ ತೆರೆದ ಬಾಗಿಲು ಇನ್ನೊಬ್ಬನಿಗೆ ಗೋಡೆ. ಇದನ್ನು ಕಾಣಿಸುವುದೇ ಈ ಅಭ್ಯಾಸದ ಗುರಿಯಾಗಬೇಕಾಗಿತ್ತು. ಅನುಭವ ಕೆಲವೊಮ್ಮೆ ಬೆಳವಣಿಗೆಯನ್ನೇ ತಡೆಯುತ್ತದೆಂಬ ಡ್ಯೂಯಿಯವರ ಎಚ್ಚರಿಕೆಗೆ ನನ್ನ ತರಗತಿಯೇ ಉದಾಹರಣೆಯಾಗಿತ್ತು.

ತಿದ್ದಿಕೊಂಡ ಕ್ರಮ

ಮಾರನೆಯ ದಿನ ತರಗತಿಯೆದುರು ನನ್ನ ತಪ್ಪನ್ನು ಒಪ್ಪಿಕೊಂಡು, ವಿಮರ್ಶೆಗೆ ಐದು ನಿಯಮಗಳನ್ನು ಮಾಡಿದೆ. ಮುಂದಿನ ವರ್ಷಗಳಲ್ಲಿ ಸ್ವಲ್ಪ ಸ್ವಲ್ಪ ಪರಿಷ್ಕಾರಗೊಂಡ ಅವು ಹೀಗಿವೆ:

೧. ಬರಹವನ್ನು ಎರಡು ಬಾರಿ ಓದಬೇಕು. ಮೊದಲ ಓದಿನಲ್ಲಿ ಕೈಯಲ್ಲಿ ಪೆನ್ನು ಇರಕೂಡದು.

೨. ಅಭಿಪ್ರಾಯ ಬರೆಯುವ ಮೊದಲು ಬರೆದವನನ್ನು ಮೂರು ಪ್ರಶ್ನೆ ಕೇಳಬೇಕು. ಅವು ಭಾಷೆಯ ಕುರಿತಾಗಿರದೆ, ಆತ ಮಾಡಿದ ಕೆಲಸದ ಕುರಿತಾಗಿರಬೇಕು.

೩. ತನಗೆ ಗೊತ್ತಿಲ್ಲದಿದ್ದ ಯಾವ ಸಂಗತಿ ಈ ಬರಹದಿಂದ ತಿಳಿಯಿತೆಂಬುದನ್ನು ಮೊದಲು ಬರೆಯಬೇಕು. ಏನೂ ತಿಳಿಯಲಿಲ್ಲವೆಂದರೆ ಮತ್ತೆ ಓದಬೇಕು.

೪. ಎಲ್ಲಿ ಅರ್ಥವಾಗಲಿಲ್ಲ, ಎಲ್ಲಿ ಇನ್ನಷ್ಟು ಬೇಕಾಗಿತ್ತು ಎಂಬುದನ್ನು ವಾಕ್ಯ ತೋರಿಸಿ ಹೇಳಬೇಕು. ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂಬ ಮಾತುಗಳು ನಿಷಿದ್ಧ.

೫. ಕಾಗುಣಿತ, ವ್ಯಾಕರಣಗಳ ತಿದ್ದುಪಡಿ ಕೊನೆಯದು; ಅದೂ ಪೆನ್ಸಿಲಿನಲ್ಲಿ. ಬರೆದವನ ಒಪ್ಪಿಗೆಯಿಲ್ಲದೆ ಯಾವ ಸಾಲನ್ನೂ ತರಗತಿಯಲ್ಲಿ ಗಟ್ಟಿಯಾಗಿ ಓದಕೂಡದು.

ಐದನೆಯ ನಿಯಮದಲ್ಲಿ ತಿದ್ದುಪಡಿಯನ್ನು ಕೊನೆಗಿಟ್ಟಿದ್ದೇನೆಯೇ ಹೊರತು ಕೈಬಿಟ್ಟಿಲ್ಲವೆಂಬುದನ್ನು ಗಮನಿಸಬೇಕು. ಆ ಹನ್ನೊಂದು ತಪ್ಪುಗಳು ತಪ್ಪುಗಳೇ. ಹಳ್ಳಿಯ ಹುಡುಗನೆಂಬ ಕನಿಕರದಿಂದ ಅವನ್ನು ತಿದ್ದದೆ ಬಿಟ್ಟಿದ್ದರೆ ನೌಕರಿಯ ಅರ್ಜಿಯಲ್ಲಿ ಅವೇ ಆತನಿಗೆ ಅಡ್ಡ ಬರುತ್ತಿದ್ದವು.

ಈ ನಿಯಮಗಳ ಪ್ರಕಾರ ಆ ಇಬ್ಬರನ್ನೂ ಮತ್ತೆ ಜೊತೆಗೂಡಿಸಿದೆ. ಪಟ್ಟಣದ ಹುಡುಗ ಕೇಳಬೇಕಾದ ಮೂರು ಪ್ರಶ್ನೆಗಳಲ್ಲಿ ಮೊದಲನೆಯದನ್ನು ಬಹಳ ಹೊತ್ತಿನ ಮೇಲೆ ಕೇಳಿದ: “ಆ ಎರಡು ದಿನ ಹೊರಗೆ ನಿಂತಿದ್ದಾಗ ಏನು ಯೋಚನೆ ಮಾಡ್ತಿದ್ದೆ?” ಮತ್ತೊಮ್ಮೆ ಬರೆದ ಪ್ರತಿಯಲ್ಲಿ ಆ ಪ್ರಶ್ನೆಯ ಉತ್ತರ ಅರ್ಧ ಪುಟವಾಗಿ ಬೆಳೆಯಿತು, ಅದೇ ಆ ಬರಹದ ಅತ್ಯುತ್ತಮ ಭಾಗವೂ ಆಯಿತು. ಪಟ್ಟಣದ ಹುಡುಗ ತನ್ನ ಮುಂದಿನ ‘ಹೊಸ ಅನುಭವ’ಕ್ಕೆ ಗೆಳೆಯನ ಊರಿಗೇ ಹೋಗಿ, ಸುಗ್ಗಿಯ ಕಾಲದಲ್ಲಿ ಒಂದು ರಾತ್ರಿ ರಾಗಿಯ ಕಣದಲ್ಲಿ ಕಾವಲು ಮಲಗಿದ. ಕಣದೊಳಗೆ ಚಪ್ಪಲಿ ಮೆಟ್ಟಿ ಬಂದನೆಂದು ಮನೆಯ ಹಿರಿಯರಿಂದ ಬೈಸಿಕೊಂಡದ್ದನ್ನು ಬರೆದ. ಆ ಬರಹವನ್ನು ವಿಮರ್ಶಿಸಿದವನು ಹಳ್ಳಿಯ ಹುಡುಗನೇ. ಆತ ‘ಇದರಲ್ಲಿ ಹೊಸದೇನಿದೆ’ ಎಂದು ಬರೆಯಲಿಲ್ಲ. ರಾಶಿಯನ್ನು ಏಕೆ ಬೂದಿಯ ಗೆರೆಯಿಂದ ಸುತ್ತುತ್ತಾರೆಂದು ಕೇಳಿ ತಿಳಿದುಕೊಳ್ಳಬೇಕಾಗಿತ್ತೆಂದು ಪೆನ್ಸಿಲಿನಲ್ಲಿ ಬರೆದ.

ವಿಮರ್ಶಿಸುವವನಿಗೇ ಹೆಚ್ಚು ಲಾಭ

ವಿಮರ್ಶೆಯಿಂದ ಬರೆದವನಿಗಿಂತ ವಿಮರ್ಶಿಸುವವನೇ ಹೆಚ್ಚು ಬೆಳೆಯುತ್ತಾನೆಂಬುದು ಆಗ ನನಗೆ ಬರಿಯ ಊಹೆಯಾಗಿತ್ತು. ಮುಂದೆ ನಡೆದ ಸಂಶೋಧನೆಗಳು ಅದಕ್ಕೆ ಆಧಾರ ಒದಗಿಸಿವೆ. ೨೦೦೯ರಲ್ಲಿ ಲಂಡ್‌ಸ್ಟ್ರಾಮ್ ಮತ್ತು ಬೇಕರ್ ಎಂಬಿಬ್ಬರು ಅಮೆರಿಕದಲ್ಲಿ ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುತ್ತಿದ್ದ, ಒಂಬತ್ತು ತರಗತಿಗಳ ೯೧ ವಿದ್ಯಾರ್ಥಿಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು. ಒಂದು ಬಗೆಯವರು ಇತರರ ಬರಹಗಳನ್ನು ವಿಮರ್ಶಿಸಿದರೇ ವಿನಾ ವಿಮರ್ಶೆಯನ್ನು ಪಡೆಯಲಿಲ್ಲ. ಇನ್ನೊಂದು ಬಗೆಯವರು ವಿಮರ್ಶೆಗಳನ್ನು ಬಳಸಿಕೊಳ್ಳಲು ಕಲಿತರೇ ವಿನಾ ತಾವು ವಿಮರ್ಶಿಸಲಿಲ್ಲ. ಅವಧಿಯ ಕೊನೆಯಲ್ಲಿ ಹೆಚ್ಚು ಪ್ರಗತಿ ಕಂಡದ್ದು ವಿಮರ್ಶಿಸಿದವರ ಬರಹಗಳಲ್ಲಿ. ಅವರಲ್ಲಿಯೂ ಭಾಷೆಯಲ್ಲಿ ಹಿಂದಿದ್ದವರಿಗೇ ಹೆಚ್ಚಿನ ಲಾಭವಾಗಿತ್ತು. ೨೦೧೧ರಲ್ಲಿ ಚೋ ಮತ್ತು ಮ್ಯಾಕ್‌ಆರ್ಥರ್ ಅವರು ಭೌತವಿಜ್ಞಾನದ ಪದವಿ ವಿದ್ಯಾರ್ಥಿಗಳಲ್ಲಿ ನಡೆಸಿದ ಪ್ರಯೋಗದಲ್ಲಿ, ಸಹಪಾಠಿಗಳ ವರದಿಗಳನ್ನು ಬರಿದೇ ಓದಿದವರಿಗಿಂತ ಓದಿ ವಿಮರ್ಶೆ ಬರೆದವರು ಮುಂದೆ ತಾವು ಬರೆಯುವಾಗ ಉತ್ತಮವಾಗಿ ಬರೆದರು.

ಇದರ ಕಾರಣ ಸುಲಭವಾಗಿ ತಿಳಿಯುವಂಥದು. ತನ್ನ ಬರಹದಲ್ಲಿ ಬಿಟ್ಟುಹೋದದ್ದು ಬರೆದವನಿಗೆ ಕಾಣುವುದಿಲ್ಲ; ಆತನ ಮನಸ್ಸಿನಲ್ಲಿ ಅದು ಇದ್ದೇ ಇರುತ್ತದೆ. ಇನ್ನೊಬ್ಬರ ಬರಹದಲ್ಲಿ ಬಿಟ್ಟುಹೋದದ್ದು ಎದ್ದು ಕಾಣುತ್ತದೆ. ಅಲ್ಲಿ ಕಂಡ ಮೇಲೆ ತನ್ನದರಲ್ಲಿಯೂ ಹುಡುಕುವ ಕಣ್ಣು ಬರುತ್ತದೆ.

ಕೆಲವು ಆಕ್ಷೇಪಗಳು

ಪಠ್ಯಕ್ರಮ ಮುಗಿಸುವುದಕ್ಕೇ ಸಮಯವಿಲ್ಲ, ಇದಕ್ಕೆಲ್ಲಿಯ ಬಿಡುವು ಎಂಬುದು ಮೊದಲ ಆಕ್ಷೇಪ. ನಾನು ತಿಂಗಳಿಗೆ ಎರಡು ಅವಧಿಗಳನ್ನು ಮಾತ್ರ ಇದಕ್ಕೆ ಬಳಸುತ್ತಿದ್ದೆ. ಒಂದು ಪ್ರಶ್ನೆ ಕೇಳುವುದಕ್ಕೆ, ಒಂದು ಅಭಿಪ್ರಾಯ ಬರೆಯುವುದಕ್ಕೆ. ಉಳಿದುದು ತರಗತಿಯ ಹೊರಗೇ ನಡೆಯುತ್ತಿತ್ತು.

ಅಂಕಗಳಿಲ್ಲದಿದ್ದರೆ ಮಕ್ಕಳು ಮಾಡುತ್ತಾರೆಯೇ ಎಂಬುದು ಎರಡನೆಯದು. ಅಂಕವನ್ನು ಅನುಭವಕ್ಕಾಗಲಿ ಸಹಪಾಠಿಯ ಮೆಚ್ಚುಗೆಗಾಗಲಿ ಕೊಡಬಾರದು. ಕೊಟ್ಟರೆ ರೈಲು ಹತ್ತದವನು ರೈಲಿನ ಬಗ್ಗೆ ಬರೆಯುವ ಕಾಲ ಮರಳುತ್ತದೆ. ಮೊದಲ ಪ್ರತಿಗೂ ತಿದ್ದಿದ ಪ್ರತಿಗೂ ಇರುವ ಅಂತರವನ್ನು ನೋಡಿ ಅಧ್ಯಾಪಕನೇ ಕೊಡಬೇಕು.

ಜಾತಿ, ಬಡತನ, ಹೆಣ್ಣು ಗಂಡೆಂಬ ಭೇದಗಳಿರುವ ತರಗತಿಯಲ್ಲಿ ಒಬ್ಬರ ಬದುಕನ್ನು ಇನ್ನೊಬ್ಬರ ಕೈಗೆ ಕೊಡುವುದು ಅಪಾಯವಲ್ಲವೇ ಎಂಬುದು ಮೂರನೆಯದು, ಇದೇ ಗಂಭೀರವಾದುದು. ಅಪಾಯ ಉಂಟು. ಅದಕ್ಕಾಗಿಯೇ ಏನನ್ನು ಬರೆಯಬೇಕು, ಯಾರಿಗೆ ತೋರಿಸಬೇಕು ಎಂಬ ಹಕ್ಕು ಬರೆಯುವವನದೇ ಆಗಿರಬೇಕು. ಅಧ್ಯಾಪಕನಿಗೆ ಮಾತ್ರ ತೋರಿಸುವ ಸ್ವಾತಂತ್ರ್ಯವೂ ಇರಬೇಕು.

ಇಂದಿನ ಕಾಲಕ್ಕೆ ನಾಲ್ಕನೆಯದೊಂದು ಸೇರಿದೆ. ಗೈಡಿನ ಕೆಲಸವನ್ನು ಈಗ ಅಂಗೈಯಲ್ಲಿರುವ ಫೋನೇ ಮಾಡುತ್ತದೆ. ಕೇಳಿದರೆ ಯಂತ್ರವೇ ಕ್ಷಣದಲ್ಲಿ ಪ್ರಬಂಧ ಬರೆದುಕೊಡುತ್ತದೆ. ಹೀಗಿರುವಾಗ ಈ ಅಭ್ಯಾಸದ ಅಗತ್ಯ ಕಡಿಮೆಯಾಗಿಲ್ಲ, ಹೆಚ್ಚಿದೆ. ಯಂತ್ರ ಬರೆದುಕೊಟ್ಟ ಬರಹದ ಒಡೆಯನನ್ನು ಸಹಪಾಠಿ ಎದುರು ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಲಿ. ಹಿಟ್ಟು ತೊಳಸಿದವನು ಯಾರು, ತೊಳಸದವನು ಯಾರು ಎಂಬುದು ಅಲ್ಲಿಯೇ ತಿಳಿಯುತ್ತದೆ.

ಉಪಸಂಹಾರ

ನಮ್ಮ ಶಾಲೆಯ ಪ್ರಸಾದನಿಲಯದಲ್ಲಿ ಹಲವು ಊರುಗಳ, ಹಲವು ಸ್ಥಿತಿಗತಿಗಳ ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆ. ಒಬ್ಬನಿಗೆ ನಿತ್ಯವಾದುದು ಇನ್ನೊಬ್ಬನಿಗೆ ನೂತನವಾಗಿರುವಂಥ ಸನ್ನಿವೇಶ ಇದಕ್ಕಿಂತ ಉತ್ತಮವಾದುದು ಬೇರೆಲ್ಲಿಯೂ ದೊರೆಯಲಾರದು. ಹಿರಿಯ ತರಗತಿಗಳಲ್ಲಿ ವರ್ಷಕ್ಕೆ ಎರಡು ಬಾರಿಯಾದರೂ ಈ ಅಭ್ಯಾಸವನ್ನು ನಡೆಸಿನೋಡಬೇಕೆಂದು ಅಧ್ಯಾಪಕ ಬಂಧುಗಳಲ್ಲಿ ಪ್ರಾರ್ಥನೆ. ಹಳೆಯ ವಿದ್ಯಾರ್ಥಿಗಳು ತಮ್ಮ ಅಂಗಡಿ, ಕಾರ್ಖಾನೆ, ಹೊಲ, ಕಚೇರಿಗಳಲ್ಲಿ ಈ ಮಕ್ಕಳು ಒಂದು ದಿನ ಕೈಹಾಕಿ ಕಲಿಯಲು ಅವಕಾಶ ಕೊಡಬಹುದು. ದಾನಿಗಳು ಕಟ್ಟಡಗಳಿಗೆ ಕೊಟ್ಟಂತೆಯೇ ಗ್ರಂಥಾಲಯಕ್ಕೂ ಒಂದಿಷ್ಟು ಕೊಟ್ಟು, ಅದರ ಬಾಗಿಲಲ್ಲಿ ‘ಎಲ್ಲರಿಗೂ ಪ್ರವೇಶವಿದೆ, ಹಣ ಬೇಕಾಗಿಲ್ಲ’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆಯಿಸಿದರೆ ಅದೂ ಒಂದು ದೊಡ್ಡ ದಾನವೇ.

ಆ ಹುಡುಗ ಎರಡನೆಯ ಸಲ ಬರೆದುಕೊಟ್ಟ ಪ್ರತಿ ಇಂದಿಗೂ ನನ್ನ ಪೆಟ್ಟಿಗೆಯಲ್ಲಿದೆ. ಕಾಗುಣಿತ ಸರಿಯಾಗಿದೆ, ಬಾಗಿಲ ಹೊರಗೆ ನಿಂತ ಎರಡು ದಿನಗಳ ವರ್ಣನೆ ತುಂಬಿ ಬಂದಿದೆ. ಆದರೆ ಪಿನ್ನು ಹಾಕಿದ ಚಪ್ಪಲಿಯ ಮಾತು ಅದರಲ್ಲಿಲ್ಲ. “ಅದನ್ನೂ ಬರೆಯಪ್ಪಾ, ಅದು ಒಳ್ಳೆಯ ವಾಕ್ಯ” ಎಂದು ನಾನು ಎಷ್ಟು ಹೇಳಿದರೂ ಆತ ನಕ್ಕು ಸುಮ್ಮನಾದ. ಒಮ್ಮೆ ನಗೆಗೀಡಾದ ಆ ವಾಕ್ಯ ಮತ್ತೆ ಬರಲಿಲ್ಲ. ಅಂಥ ಇನ್ನೊಂದು ವಾಕ್ಯ ನಮ್ಮ ಯಾವ ತರಗತಿಯಲ್ಲಿಯೂ ಹಾಗೆ ಕಳೆದುಹೋಗದಿರಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.